ಮಹಡಿ ಮೇಲೊಂದು ಹಗುರ ಗೋಡೆ: ಮರದ ಪಾರ್ಟಿಷನ್ ಹಾಕಿಸುವ ಮುಂಚೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತುಸು ತಿದ್ದಲಾಗಿದೆ.)

ಮನೆ ಸಾಲದ ಸಂಚಿಕೆ ಕೇಳಿದ ಮೇಲೆ ಮೂರು ಜನ, ಮೂರು ಊರಿಂದ, ಹೆಚ್ಚೂಕಮ್ಮಿ ಒಂದೇ ಪ್ರಶ್ನೆ ಕಳಿಸಿದ್ದಾರೆ. ಹೊಸ ಮನೆ ಕಟ್ಟೋ ಶಕ್ತಿ ಇಲ್ಲ, ಇರೋ ಮನೆಯಲ್ಲೇ ಇನ್ನೊಂದು ಕೋಣೆ ಬೇಕು, ಏನ್ ಮಾಡೋದು ಅಂತ.

ಗುಬ್ಬಿಯ ಕೇಳುಗರದ್ದು ಮೊದಲ ಮಹಡಿ ಮನೆ. 20 ಅಡಿ ಉದ್ದ, 10 ಅಡಿ ಅಗಲದ ಹಾಲ್. ಮಗಳು ದ್ವಿತೀಯ ಪಿಯುಸಿ, ಓದೋಕೆ ಅಂತ ಒಂದು ಬಾಗಿಲು ಹಾಕ್ಕೊಳ್ಳೋ ಜಾಗ ಬೇಕು. ಮೇಸ್ತ್ರಿ ಬಂದು ನೋಡಿ, “ನಾಲ್ಕಿಂಚಿನ ಬ್ಲಾಕ್ ಇಟ್ಟು ಎರಡು ದಿನದಲ್ಲಿ ಎಬ್ಬಿಸಿಕೊಡ್ತೀನಿ ಬಿಡಿ ಸಾರ್” ಅಂದಿದ್ದಾರೆ. ಇವರು ಯೂಟ್ಯೂಬ್‌ನಲ್ಲಿ ಅಮೆರಿಕದವರು ಮರದ ಪಟ್ಟಿ ನಿಲ್ಲಿಸಿ, ಅದಕ್ಕೆ ಹಲಗೆ ಬಡಿದು ಗೋಡೆ ಮಾಡೋದನ್ನ ನೋಡಿದ್ದಾರೆ. ಯಾವುದು ಸರಿ? ಕುಣಿಗಲ್ ಕಡೆಯ ಪ್ರಶ್ನೆ ಹಳೇ ಮಣ್ಣಿನ ಗೋಡೆ ಮನೆಯದ್ದು, ತುಮಕೂರಿನದ್ದು ಬಾಡಿಗೆ ಮನೆಯದ್ದು. ಗುಬ್ಬಿಯ ಪ್ರಶ್ನೆ ಹಿಡ್ಕೊಂಡು ಹೋಗ್ತೀನಿ, ಉಳಿದ ಎರಡಕ್ಕೆ ಆಮೇಲೆ ಬರೋಣ.

ಹೆಸರಿನ ಗೊಂದಲ ಮೊದಲು ಮುಗಿಸ್ತೀನಿ. ಆ ವೀಡಿಯೊಗಳಲ್ಲಿ ಇದನ್ನ ‘ಸ್ಟಡ್ ವಾಲ್’ ಅಂತಾರೆ. ಕುಣಿಗಲ್ಲಿನವರಿಗೆ ಸ್ಟಡ್ ಅಂದ ತಕ್ಷಣ ಕುದುರೆ ಫಾರಂ ನೆನಪಾಗುತ್ತೆ, ಇದು ಅದಲ್ಲ. ಇಲ್ಲಿ ಸ್ಟಡ್ ಅಂದ್ರೆ ನೆಟ್ಟಗೆ ನಿಲ್ಲಿಸಿದ ಮರದ ಪಟ್ಟಿ. ನಮ್ಮ ಸಾಮಿಲ್‌ನಲ್ಲಿ ಹೋಗಿ ಸ್ಟಡ್ ಕೊಡಿ ಅಂದ್ರೆ ಮುಖ ನೋಡ್ತಾರೆ. ರೀಪರ್ ಅನ್ನಿ, ಇಲ್ಲ 3×2 ಪಟ್ಟಿ ಅನ್ನಿ, ಪಾರ್ಟಿಷನ್ ಫ್ರೇಮಿಗೆ ಅನ್ನಿ, ಸಾಕು. ನಾನು ಇವತ್ತು ‘ನಿಲುವು ಪಟ್ಟಿ’ ಅಂತೀನಿ.

ಕೆಲಸ ಇಷ್ಟೇ. ನೆಲಕ್ಕೆ ಒಂದು ಪಟ್ಟಿ, ಚಾವಣಿಗೆ ಒಂದು ಪಟ್ಟಿ, ಅವೆರಡರ ನಡುವೆ ಸಮ ಅಂತರದಲ್ಲಿ ನಿಲುವು ಪಟ್ಟಿಗಳು, ಅವು ಬಾಗದ ಹಾಗೆ ನಡುನಡುವೆ ಅಡ್ಡಪಟ್ಟಿಗಳು. ಎರಡೂ ಬದಿಗೆ ಪ್ಲೈವುಡ್ಡೋ ಜಿಪ್ಸಮ್ ಬೋರ್ಡೋ ಸಿಮೆಂಟ್ ಬೋರ್ಡೋ ಹೊದಿಸೋದು. ಒಳಗೆ ಟೊಳ್ಳು. ಅಮೆರಿಕದಲ್ಲಿ 1830ರ ದಶಕದಿಂದ ಈಚೆಗೆ ಇಡೀ ಮನೆಗಳನ್ನೇ ಹೀಗೆ ಸಣ್ಣ ಪಟ್ಟಿಗಳಿಂದ ಕಟ್ಟೋ ಪದ್ಧತಿ ಬೆಳೀತು. ಅಲ್ಲಿ ಕೊಯ್ದ ಮರ ಧಾರಾಳ, ಮಷೀನಿನ ಮೊಳೆ ಅಗ್ಗ. ನಮ್ಮ ಕಡೆ ಕಲ್ಲು, ಮಣ್ಣು, ಇಟ್ಟಿಗೆ ಧಾರಾಳ, ಹಾಗಾಗಿ ಮರ ಕಂಬಕ್ಕೆ, ತೊಲೆಗೆ, ಬಾಗಿಲಿಗೆ ಹೋಯ್ತು. ಹಾಗಂತ ಇದು ನಮಗೆ ತೀರಾ ಹೊಸದೂ ಅಲ್ಲ. 1884ರಲ್ಲಿ ಹುಟ್ಟಿದ ನಾಟಕ ಕಂಪನಿ ಇರೋ ಊರು ಗುಬ್ಬಿ. ಕಂಪನಿ ನಾಟಕದ ಅರಮನೆ ಗೋಡೆ ಅಂದ್ರೆ ಮರದ ಚೌಕಟ್ಟಿಗೆ ಬಿಗಿದು ಬಣ್ಣ ಬಳಿದ ಬಟ್ಟೆ ತಾನೇ? ನಾಲ್ಕು ಜನ ಎತ್ತಿ ಆಚೆ ಇಡಬಹುದು. ಆ ಗೋಡೆ ಯಾವ ಭಾರಾನೂ ಹೊರಬೇಕಿಲ್ಲ, ಅದಕ್ಕೇ ಅಷ್ಟು ಹಗುರ.

ಈಗ ಗುಬ್ಬಿಯ ಮಹಡಿಗೆ ಬರೋಣ. ನಾನು ಕಾಮರ್ಸ್ ಓದಿದವನು, ಇಂಜಿನಿಯರ್ ಅಲ್ಲ. ಆದರೆ ಈ ಲೆಕ್ಕಕ್ಕೆ ಗುಣಾಕಾರ ಬಂದ್ರೆ ಸಾಕು, ಪೆನ್ನು ತಗೊಳ್ಳಿ.

10 ಅಡಿ ಅಗಲ, 10 ಅಡಿ ಎತ್ತರದ ಗೋಡೆ ಅಂದ್ರೆ 100 ಚದರಡಿ, ಅಂದಾಜು 9.3 ಚದರ ಮೀಟರ್. ನಾಲ್ಕಿಂಚಿನ ಸಾಲಿಡ್ ಸಿಮೆಂಟ್ ಬ್ಲಾಕ್ ಇಟ್ಟರೆ ದಪ್ಪ 0.1 ಮೀಟರ್, ಘನ ಅಳತೆ 0.93 ಘನ ಮೀಟರ್. ಸಾಲಿಡ್ ಬ್ಲಾಕ್ ಒಂದು ಘನ ಮೀಟರಿಗೆ ಸುಮಾರು 2,000 ಕೆಜಿ ತೂಗುತ್ತೆ. ಅಲ್ಲಿಗೆ 1,860 ಕೆಜಿ. ಎರಡೂ ಕಡೆ 12 ಮಿಲಿಮೀಟರ್ ಗಾರೆ ಮೆತ್ತಿದರೆ ಇನ್ನೂ 440 ಕೆಜಿ ಚಿಲ್ಲರೆ. ಒಟ್ಟು 2,300 ಕೆಜಿ. ಅಂದ್ರೆ 2.3 ಟನ್!

ಅದೇ ಜಾಗದಲ್ಲಿ ಮರದ ಗೋಡೆ. 24 ಇಂಚಿಗೊಂದು ನಿಲುವು ಪಟ್ಟಿ, 10 ಅಡಿಗೆ 6 ಪಟ್ಟಿ, ಒಂದೊಂದೂ 10 ಅಡಿ ಎತ್ತರ, 60 ಅಡಿ ಆಯ್ತು. ಮೇಲೆ ಕೆಳಗೆ ಸೇರಿ 20 ಅಡಿ, ಅಡ್ಡಪಟ್ಟಿ ಎರಡು ಸಾಲು ಹಿಡಿದರೆ ಇನ್ನೊಂದು 20 ಅಡಿ. ಒಟ್ಟು 100 ರನ್ನಿಂಗ್ ಅಡಿ. ಸಾಮಿಲ್‌ನಲ್ಲಿ ಮರ ಮಾರೋದು ಸಿಎಫ್‌ಟಿ ಲೆಕ್ಕದಲ್ಲಿ, ಅಂದ್ರೆ ಘನ ಅಡಿ. ಉದ್ದವನ್ನ ಅಡಿಯಲ್ಲಿ, ಅಗಲ ಮತ್ತು ದಪ್ಪವನ್ನ ಇಂಚಿನಲ್ಲಿ ಗುಣಿಸಿ 144ರಿಂದ ಭಾಗಿಸಿ. 100×3×2, ಭಾಗಿಸು 144, ಬರೋದು 4.17 ಸಿಎಫ್‌ಟಿ. ಸ್ವಲ್ಪ ಗಟ್ಟಿ ಮರ ಅಂತ ಹಿಡಿದರೂ ಸಿಎಫ್‌ಟಿಗೆ 22-23 ಕೆಜಿ, ಒಟ್ಟು 95 ಕೆಜಿ. ಎರಡು ಬದಿ 12 ಮಿಲಿಮೀಟರ್ ಪ್ಲೈವುಡ್ 145 ಕೆಜಿ ಆಸುಪಾಸು. ಸ್ಕ್ರೂ, ಬಣ್ಣ ಎಲ್ಲ ಸೇರಿ 250 ಕೆಜಿ ಅನ್ನಿ.

2,300 ಎಲ್ಲಿ, 250 ಎಲ್ಲಿ. ಒಂಬತ್ತರಲ್ಲಿ ಒಂದು ಪಾಲು.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದ್ರೆ, ವಾಸದ ಮನೆಯ ಕೋಣೆಗಳಲ್ಲಿ ಜನ, ಮಂಚ, ಬೀರು ಇವಕ್ಕೆಲ್ಲ ಅಂತ ಭಾರತೀಯ ಮಾನಕ 875ರಲ್ಲಿ ಹಿಡಿಯೋ ಭಾರ ಚದರ ಮೀಟರಿಗೆ 200 ಕೆಜಿ. ಇಡೀ 20×10 ಹಾಲಿಗೆ ಅದನ್ನ ಹರಡಿದರೆ ಸುಮಾರು 3,700 ಕೆಜಿ. ಆಮೇಲೆ ಯೋಚನೆ ಮಾಡಿ ಎಬ್ಬಿಸಿದ ಒಂದೇ ಒಂದು ಬ್ಲಾಕ್ ಗೋಡೆ ಅದರಲ್ಲಿ 60 ಪರ್ಸೆಂಟಿಗಿಂತ ಜಾಸ್ತಿ ತಿಂದುಹಾಕುತ್ತೆ. ಅದೂ ಹಾಲಿನ ತುಂಬ ಹರಡಿಕೊಂಡು ಅಲ್ಲ, ನಾಲ್ಕಿಂಚು ಅಗಲದ ಒಂದೇ ಗೆರೆ ಮೇಲೆ, ಅಡಿಗೆ 230 ಕೆಜಿ ಹಾಗೆ. ಉದ್ದದ ಹಾಲಿನ ಮೌಲ್ಡು ಭಾರವನ್ನ ಮುಖ್ಯವಾಗಿ ಕಿರಿದಾದ ದಿಕ್ಕಿನಲ್ಲಿ, ಉದ್ದದ ಕಡೆಯ ಗೋಡೆಗಳಿಗೇ ಸಾಗಿಸೋದು. ನಮ್ಮ ಗುಬ್ಬಿ ಗೋಡೆ ನಿಲ್ಲೋದು ಸರಿಯಾಗಿ ಆ ಬಾಗೋ ಪಟ್ಟೆಯ ಮೇಲೆ. ಮೊದಲೇ ಪ್ಲಾನ್‌ನಲ್ಲಿ ಗೋಡೆ ಇದೆ ಅಂತ ಗೊತ್ತಿದ್ದರೆ ಇಂಜಿನಿಯರ್ ಅದಕ್ಕೆ ಕೆಳಗೊಂದು ಬೀಮ್ ಕೊಟ್ಟಿರ್ತಾರೆ, ಇಲ್ಲ ಕಂಬಿ ಜಾಸ್ತಿ ಹಾಕಿರ್ತಾರೆ. ಆಮೇಲೆ ಹುಟ್ಟಿದ ಗೋಡೆಗೆ ಯಾರೂ ಏನೂ ಕೊಟ್ಟಿರಲ್ಲ.

ಹಾಗಂತ ಬ್ಲಾಕ್ ಇಟ್ಟ ಮಾರನೇ ದಿನ ಮೌಲ್ಡು ಕುಸಿಯುತ್ತೆ ಅಂತ ಹೆದರಿಸ್ತಾ ಇಲ್ಲ. ಆದರೆ ಕೆಳಗಿನ ಮನೆ ಚಾವಣಿಯಲ್ಲಿ ಬಿರುಕು, ನಡುವೆ ಇಳಿದ ನೆಲ, ಹೊಸ ಗೋಡೆಯ ಮೇಲಂಚಿನಲ್ಲೇ ಸೀಳು, ಇವು ಇಂಥ ಕೆಲಸದಿಂದ ಬರೋ ಮಾಮೂಲಿ ತೊಂದರೆಗಳು. ಕೆಳಗಡೆ ನೇರವಾಗಿ ಗೋಡೆಯೋ ಬೀಮೋ ಇದ್ದರೆ ಮಾತು ಬೇರೆ. ಇಲ್ಲದಿದ್ದರೆ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್‌ನ ಕರೆಸಿ ತೋರಿಸದೆ ಮಹಡಿ ಮೇಲೆ ಒಂದು ಬ್ಲಾಕೂ ಇಡಬೇಡಿ. ಎಎಸಿ ಬ್ಲಾಕ್ ಹಗುರ ಅಂತ ಹೇಳೋರಿಗೂ ಒಂದು ಮಾತು: ಬ್ಲಾಕ್ ಹಗುರ ನಿಜ, ಆದರೆ ಎರಡೂ ಕಡೆ ಗಾರೆ ಮೆತ್ತಿದ ಮೇಲೆ ಅದೂ ಒಂದು ಟನ್ ಹತ್ತಿರ ಬಂದು ನಿಲ್ಲುತ್ತೆ.

ಹಾಗಾಗಿ ಗುಬ್ಬಿಯವರಿಗೆ ನನ್ನ ಉತ್ತರ ಮರದ ಗೋಡೆ, ಅಥವಾ ಅದೇ ಕ್ರಮದ ಜಿಐ ಚಾನಲ್ ಗೋಡೆ. ಆದರೆ ಒಂದು ವಿಷಯ ನೆನಪಿಡಿ. ಈ ಗೋಡೆ ನಿಮಗೆ ಬಿಟ್ಟಿಯಾಗಿ ಕೊಡೋದು ಹಗುರತನ ಒಂದನ್ನೇ. ಇಟ್ಟಿಗೆ ಗೋಡೆ ಸುಮ್ಮನೆ ನಿಂತೇ ಶಬ್ದ ತಡೆಯುತ್ತೆ, ಬೆಂಕಿ ತಡೆಯುತ್ತೆ, ನೀರು ಬಿದ್ದರೆ ಸಹಿಸ್ಕೊಳ್ಳುತ್ತೆ, ಗೆದ್ದಲಿಗೆ ಊಟ ಆಗಲ್ಲ. ಇಲ್ಲಿ ಅದೆಲ್ಲದಕ್ಕೂ ಬೇರೆ ಬೇರೆ ವ್ಯವಸ್ಥೆ ಮಾಡಬೇಕು, ದುಡ್ಡು ಕೊಟ್ಟು.

ಮರ ಹೋಗಲಿ, ಅದಕ್ಕೂ ಮುಂಚೆ ಗಾಳಿ ಬೆಳಕಿನ ಮಾತು. 30×40 ಸೈಟಿನಲ್ಲಿ ಅಕ್ಕಪಕ್ಕ ಒತ್ತಿಕೊಂಡು ಮನೆ ಕಟ್ಟಿದ್ದರೆ ಹಾಲಿಗೆ ಕಿಟಕಿ ರಸ್ತೆ ಕಡೆಗೆ ಮಾತ್ರ ಇರುತ್ತೆ. ನಡುವೆ ಗೋಡೆ ಎಬ್ಬಿಸಿದರೆ ಒಳಗಿನ ಅರ್ಧ ಕತ್ತಲೆ ಗೂಡು. ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಾರ ಮನೆಯಲ್ಲಿ ಎರಡು ವಾಸದ ಕೋಣೆ ಇದ್ದರೆ ಒಂದು 9.5 ಚದರ ಮೀಟರ್, ಇನ್ನೊಂದು ಕಡಿಮೆ ಅಂದರೂ 7.5 ಚದರ ಮೀಟರ್ ಇರಬೇಕು. ಆ ಚಿಕ್ಕ ಕೋಣೆ ಅಂದ್ರೆ 81 ಚದರಡಿ, ಅಗಲ 2.1 ಮೀಟರಿಗೆ ಕಮ್ಮಿ ಇರಬಾರದು, ಹತ್ತಿರ ಹತ್ತಿರ 7 ಅಡಿ. ಒಣ ಬಿಸಿ ಹವೆಯ ಕಡೆ ಗಾಳಿಯಾಡೋ ತೆರಪು ನೆಲದ ಹತ್ತನೇ ಒಂದು ಭಾಗ ಬೇಕು. 10×10 ಕೋಣೆಗೆ 10 ಚದರಡಿ ಕಿಟಕಿ ಆಯ್ತು. ಓದೋ ಹುಡುಗಿಯನ್ನ ಕಿಟಕಿ ಇರೋ ಕಡೆ ಕೂರಿಸಿ, ಟಿವಿಯನ್ನ ಒಳಗಿನ ಕಡೆಗೆ ತಳ್ಳಿ. ಹೆಚ್ಚಿನ ಮನೆಗಳಲ್ಲಿ ಇದರ ಉಲ್ಟಾ ಮಾಡ್ತಾರೆ: ಹಾಲ್ ಚೆನ್ನಾಗಿ ಕಾಣಲಿ ಅಂತ ಕಿಟಕಿ ಹಾಲಿಗೆ ಬಿಟ್ಟು ಮಕ್ಕಳನ್ನ ಒಳಗೆ ಹಾಕ್ತಾರೆ. ನನಗೆ ಅದು ಸ್ವಲ್ಪವೂ ಒಪ್ಪಿಗೆ ಇಲ್ಲ.

ಒಳಗಿನ ಅರ್ಧಕ್ಕೆ ಗಾಳಿ ಬೇಕಲ್ಲ, ಅದಕ್ಕೊಂದು ಉಪಾಯ ಬೋರ್ಡಿನ ಅಳತೆಯಲ್ಲೇ ಇದೆ. ಶೀಟು 8 ಅಡಿ ಉದ್ದ, 4 ಅಡಿ ಅಗಲ. ನಮ್ಮ ಚಾವಣಿ 10 ಅಡಿ. ಹೇಗೂ ಮೇಲೆ 2 ಅಡಿ ಉಳಿಯುತ್ತೆ. ಆ 2 ಅಡಿಯನ್ನ ಜಾಲಿ ಮಾಡಬಹುದು, ಇಲ್ಲ ಗ್ಲಾಸ್ ಹಾಕಿ ತೆಗೆದು ಮುಚ್ಚೋ ಹಾಗೆ ಇಟ್ಕೊಬಹುದು. ಆದರೆ ಜಾಲಿ ಇಟ್ಟ ಕಡೆಯಿಂದ ಟಿವಿ ಧಾರಾವಾಹಿಯ ಸದ್ದೂ ಬರುತ್ತೆ. ಗಾಳಿಯೋ ನಿಶ್ಶಬ್ದವೋ ಅಂದ್ರೆ ನಾನು ಗಾಳಿ ಅಂತೀನಿ. ಟಿವಿಯನ್ನ ಆಫ್ ಮಾಡಬಹುದು.

ಇನ್ನೊಂದು, ಫ್ಯಾನು. ಹಾಲಿನ ಫ್ಯಾನ್ ಹುಕ್ ನಟ್ಟನಡುವೆ ಇರುತ್ತೆ, ಗೋಡೆಯ ಗೆರೆಯೂ ನಟ್ಟನಡುವೆಯೇ ಬರುತ್ತೆ. ಫ್ಯಾನಿನ ರೆಕ್ಕೆ ಸುತ್ತಳತೆಯ ಅಡ್ಡಗಲ 4 ಅಡಿ. ಚಾಕ್‌ಪೀಸಿನಲ್ಲಿ ನೆಲದ ಮೇಲೆ ಗೆರೆ ಎಳೆದು ತಲೆ ಎತ್ತಿ ಒಂದು ಸಲ ನೋಡಿ. ಗೋಡೆಯನ್ನ ಸರಿಸ್ತೀರೋ, ಎರಡೂ ಕೋಣೆಗೆ ಬೇರೆ ಬೇರೆ ಫ್ಯಾನ್ ಪಾಯಿಂಟ್ ತೆಗೆಸ್ತೀರೋ, ಮರ ತರೋಕೆ ಮುಂಚೆ ತೀರ್ಮಾನ ಆಗಬೇಕು.

ಮರ. ಸಾಮಿಲ್‌ಗೆ ಹೋದರೆ ಸಾಗುವಾನಿಯಿಂದ ಶುರು ಮಾಡ್ತಾರೆ, ಅದು ಬೇಡ. ಬೋರ್ಡಿನ ಒಳಗೆ ಮುಚ್ಚಿಹೋಗೋ ಪಟ್ಟಿಗೆ ಸಾಗುವಾನಿ ಹಾಕೋದು ರೇಷ್ಮೆ ಸೀರೆಗೆ ರೇಷ್ಮೆ ಲಂಗ ಉಟ್ಟ ಹಾಗೆ. ಮತ್ತಿ, ಹೊನ್ನೆ ಗಟ್ಟಿ ಮರಗಳು, ಆದರೆ ತೂಕ ಜಾಸ್ತಿ, ಮೊದಲೇ ತೂತು ಕೊರೆಯದೆ ಸ್ಕ್ರೂ ಇಳಿಯಲ್ಲ. ತೋಟದ ಬದುವಿನ ಸಿಲ್ವರ್ ಓಕ್ ಅಗ್ಗಕ್ಕೆ ಸಿಗುತ್ತೆ, ಆದರೆ ಔಷಧಿ ಕಾಣಿಸದಿದ್ದರೆ ಕುಟ್ಟೆ ಹುಳ ಬಂದು ಹಿಟ್ಟು ಉದುರಿಸುತ್ತೆ. ಎಳೇ ನೀಲಗಿರಿ ಹಸಿಯಾಗಿ ಕೊಯ್ದರೆ ಒಣಗ್ತಾ ಒಣಗ್ತಾ ಹಗ್ಗ ಹೊಸೆದ ಹಾಗೆ ತಿರುಚುತ್ತೆ, ಅದರ ಜೊತೆ ಬೋರ್ಡಿನ ಜಾಯಿಂಟೂ ಬಿಡುತ್ತೆ. ಹೊರದೇಶದಿಂದ ಬರೋ ಪೈನ್ ನೇರ ಇರುತ್ತೆ, ಹಗುರ, ಕೆಲಸ ಸಲೀಸು. ಆದರೆ ಗೆದ್ದಲಿಗೆ ಪೈನ್ ಅಂದ್ರೆ ಹಬ್ಬ, ಔಷಧಿ ಹಿಡಿಸಿದ ಪೈನೇ ತಗೋಬೇಕು.

ತೆಂಗಿನ ಮರ ಆಗಲ್ವಾ ಅಂತ ನಮ್ಮ ಜಿಲ್ಲೆಯವರು ಕೇಳೇ ಕೇಳ್ತಾರೆ. ಹಳೇ ತೆಂಗಿನ ಹೊರಭಾಗ ಬಲು ಗಟ್ಟಿ, ಜಂತೆಗೆ ಬಳಸಿದ್ದನ್ನ ಎಲ್ಲರೂ ನೋಡಿದ್ದೀವಿ. ಒಳಗಿನ ತಿರುಳು ಮೆತ್ತಗೆ, ಸ್ಕ್ರೂ ಹಿಡಿಯಲ್ಲ. 3×2 ಪಟ್ಟಿ ಕೊಯ್ದಾಗ ಒಂದು ಮಗ್ಗುಲು ಕಲ್ಲು, ಇನ್ನೊಂದು ಮಗ್ಗುಲು ಬೆಂಡು ಬಂದರೆ ಕಷ್ಟ. ಹೊರಗಿನ ಸುತ್ತನ್ನಷ್ಟೇ ಆರಿಸಿ ಕೊಯ್ಯೋರು ಸಿಕ್ಕರೆ ಆಗುತ್ತೆ. ಹಲಸು ಒಳ್ಳೇ ಮರವೇ, ಆದರೆ ಚೇಳೂರು ಕಡೆ ಸಿದ್ದು ಹಲಸಿಗೆ ಬಂದ ಹೆಸರು ನೋಡಿದ ಮೇಲೆ ಹಣ್ಣು ಬಿಡೋ ಮರ ಕಡಿಯೋಕೆ ಯಾರಿಗೆ ಮನಸ್ಸು ಬರುತ್ತೆ? ಅಂದಹಾಗೆ ಸ್ವಂತ ಜಮೀನಿನ ಮರ ಆದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ತೆಂಗು, ನೀಲಗಿರಿ, ಸಿಲ್ವರ್ ಓಕ್ ಥರದವಕ್ಕೆ ವಿನಾಯಿತಿ, ಬೇರೆ ಮರ ಆದರೆ ಅರಣ್ಯ ಇಲಾಖೆ ಕಚೇರಿಯಲ್ಲಿ ಕೇಳಿ ಮುಂದುವರೀರಿ.

ಯಾವ ಜಾತಿ ಅನ್ನೋದಕ್ಕಿಂತ ಒಣಗಿದೆಯಾ ಅನ್ನೋದು ದೊಡ್ಡದು. ತೇವ ನೂರಕ್ಕೆ 10-12ರ ಹತ್ತಿರ ಇಳಿದಿರಬೇಕು. ಮೀಟರ್ ಇಲ್ಲದಿದ್ದರೆ ಪಟ್ಟಿಗಳನ್ನ ಗೋಡೆ ಹಾಕೋ ಕೋಣೆಯಲ್ಲೇ, ನಡುವೆ ಗಾಳಿ ಆಡೋ ಹಾಗೆ ಅಡ್ಡಡ್ಡ ಪೇರಿಸಿ ಎರಡು ಮೂರು ವಾರ ಬಿಡಿ. ತಿರುಚೋದು ಅಲ್ಲೇ ತಿರುಚಿಕೊಳ್ಳಲಿ, ಅಂಥದ್ದನ್ನ ತುಂಡು ಮಾಡಿ ಅಡ್ಡಪಟ್ಟಿಗೆ ಹಾಕಿ. ಕೊಳ್ಳುವಾಗ ಒಂದು ಕಣ್ಣು ಮುಚ್ಚಿ ಪಟ್ಟಿಯ ಅಂಚಿನ ಗುಂಟ ನೋಡಿ, ಬಿಲ್ಲಿನ ಹಾಗೆ ಬಾಗಿದ್ದು ತಕ್ಷಣ ಗೊತ್ತಾಗುತ್ತೆ. 3×2 ಅಂತ ಬಿಲ್ಲಾದ ಪಟ್ಟಿ ಕೀಸಿದ ಮೇಲೆ ಅಷ್ಟಿರಲ್ಲ. ಕೀಸೋಕೆ ಮುಂಚಿನ ಅಳತೆಯೋ ಆಮೇಲಿನದ್ದೋ ಕೇಳಿ ತಿಳ್ಕೊಳ್ಳಿ.

ಈಗ ಕಟ್ಟೋದು. ಆಚಾರ್ರು ಮಾಡ್ತಾರೆ ಬಿಡಿ ಅಂತ ಸುಮ್ಮನಾಗಬೇಡಿ, ನಾಲ್ಕು ಕಡೆ ನೀವೇ ನಿಂತು ನೋಡಬೇಕು.

ಒಂದು, ಮೇಲಿನ ಪಟ್ಟಿ. ನಮ್ಮ ಮನೆಗಳಲ್ಲಿ ವೈರಿನ ಪೈಪುಗಳನ್ನ ಮೌಲ್ಡ್ ಹಾಕೋ ದಿನವೇ ಕಾಂಕ್ರೀಟಿನ ಒಳಗೆ ಮಲಗಿಸಿರ್ತಾರೆ. ಅಮೆರಿಕದ ವೀಡಿಯೊದಲ್ಲಿ ಈ ಮಾತೇ ಬರಲ್ಲ, ಅಲ್ಲಿ ಚಾವಣಿಯೂ ಮರ. ಫ್ಯಾನ್ ಬಾಕ್ಸಿನಿಂದ ಸ್ವಿಚ್‌ಬೋರ್ಡ್ ಕಡೆಗೆ ಪೈಪು ಹೋಗಿರೋ ದಾರಿಯಲ್ಲಿ ಡ್ರಿಲ್ ಹಾಕಿದರೆ ವೈರಿಗೇ ಹೋಗಿ ಕೂರುತ್ತೆ. ಎಲೆಕ್ಟ್ರೀಷಿಯನ್‌ನ ಕರೆದು ಪೈಪಿನ ದಾರಿ ಗುರುತು ಹಾಕಿಸಿ, ಮೇನ್ ಆಫ್ ಮಾಡಿ, ಕಾಂಕ್ರೀಟಿನೊಳಗೆ ಒಂದೂವರೆ ಇಂಚಿಗಿಂತ ಆಳ ಹೋಗಬೇಡಿ. ನೆಲದಲ್ಲೂ ಅಷ್ಟೇ, ಬಚ್ಚಲಿನ ಹತ್ತಿರ ನೀರಿನ ಪೈಪು ಟೈಲ್ಸ್ ಕೆಳಗೆ ಹಾದು ಹೋಗಿರಬಹುದು.

ಎರಡು, ನಿಲುವು ಪಟ್ಟಿಯ ಅಂತರ. 2 ಅಡಿ ಅಂದಾಗ ಎರಡು ಪಟ್ಟಿ ನಡುವಿನ ಖಾಲಿ ಜಾಗ 2 ಅಡಿ ಅಲ್ಲ, ಪಟ್ಟಿಯ ಮಧ್ಯದಿಂದ ಪಟ್ಟಿಯ ಮಧ್ಯಕ್ಕೆ 2 ಅಡಿ. ಶೀಟಿನ ಅಗಲ 48 ಇಂಚು, ಅದರ ಅಂಚು ಪಟ್ಟಿಯ ಮಧ್ಯಕ್ಕೇ ಬಂದು ಕೂರಬೇಕು. ಆಗ ಪಕ್ಕದ ಶೀಟಿನ ಅಂಚಿಗೂ ಅದೇ ಪಟ್ಟಿಯಲ್ಲಿ ಜಾಗ ಇರುತ್ತೆ. ಹಾಗಾಗಿ ಮೂಲೆ ಗೋಡೆಯಿಂದ ಟೇಪ್ ಹಿಡಿದು 24, 48, 72, 96 ಅಂತ ಗುರುತು ಹಾಕಿ, ಗುರುತೇ ಪಟ್ಟಿಯ ಮಧ್ಯ. ಜಿಪ್ಸಮ್ ಬೋರ್ಡ್ ಆದರೆ 16 ಇಂಚಿಗೊಂದು ಪಟ್ಟಿ ಕೊಡೋದು ಒಳ್ಳೇದು. 16 ಆಗಲಿ 24 ಆಗಲಿ, ಎರಡೂ 48ನ್ನ ಸರಿಯಾಗಿ ಭಾಗಿಸುತ್ತೆ. ಆ ಅಂಕಿಗಳು ಹುಟ್ಟಿದ್ದೇ ಹಾಗೆ. 20 ಇಂಚಿಗೆ ಒಂದು ಹಾಕೋಣ ಅಂತ ಯಾರಾದರೂ ರಾಜಿ ಮಾಡಿದರೆ ಪ್ರತಿ ಜಾಯಿಂಟೂ ಗಾಳಿಯಲ್ಲಿ ನೇತಾಡುತ್ತೆ. 8 ಅಡಿ ಎತ್ತರದಲ್ಲಿ ಶೀಟು ಮುಗಿಯೋ ಕಡೆ ಅಡ್ಡಪಟ್ಟಿ ಇದ್ದೇ ಇರಬೇಕು.

ಮೂರು, ಚಾವಣಿಯ ಹತ್ತಿರ ಬಿಡೋ ಸಂದು. ಮೇಲೆ ತಾರಸಿ ಇದ್ದರೆ ಮೌಲ್ಡು ಬಿಸಿಲಿಗೆ ಹಿಗ್ಗುತ್ತೆ, ರಾತ್ರಿ ಕುಗ್ಗುತ್ತೆ. ಬೋರ್ಡನ್ನ ಚಾವಣಿಗೆ ಒತ್ತಿ ಕೂರಿಸಿದರೆ ಬಿರುಕು ಗ್ಯಾರಂಟಿ. ಒಂದು ಬೆರಳು ಸಂದು ಬಿಟ್ಟು ಮೆತ್ತಗಿನ ಸೀಲಂಟ್ ತುಂಬಿ. ನಿಲುವು ಪಟ್ಟಿಯನ್ನೂ ಸುತ್ತಿಗೆಯಲ್ಲಿ ಬಡಿದು ಬಡಿದು ತುರುಕಬಾರದು. ಈ ಗೋಡೆ ಮೌಲ್ಡಿಗೆ ಊರುಗೋಲು ಅಲ್ಲ.

ನಾಲ್ಕನೇದು ಕೆಳಗಿನ ಪಟ್ಟಿ. ನನ್ನ ಪ್ರಕಾರ ಇಡೀ ಕೆಲಸದ ಆಯಸ್ಸು ಇರೋದೇ ಅಲ್ಲಿ. ನಾವು ದಿನಾ ನೆಲ ಒರೆಸೋ ಜನ, ಹಬ್ಬಕ್ಕೆ ಬಕೆಟ್ಟುಗಟ್ಟಲೆ ನೀರು ಸುರಿದು ತೊಳೆಯೋ ಜನ. ಯುಗಾದಿ, ಗೌರಿಹಬ್ಬ, ದೀಪಾವಳಿ, ವರ್ಷಕ್ಕೆ ಮೂರು ಸಲ ತೊಳೆದರೂ ನೆಲಕ್ಕೆ ಅಂಟಿದ ಮರ ನೀರು ಕುಡಿಯುತ್ತೆ, ಪ್ಲೈವುಡ್ಡಿನ ಬುಡ ಉಬ್ಬುತ್ತೆ. ಕಿತ್ತುಹೋದ ಗ್ರಾನೈಟ್ ತುಂಡುಗಳನ್ನ 3 ಇಂಚು ಅಗಲಕ್ಕೆ ಕೊಯ್ಸಿ ಕೆಳಗೆ ಹಾಸಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಶೀಟಿನ ಪಟ್ಟಿ, ಅದರ ಮೇಲೆ ಮರ. ಬೋರ್ಡು ನೆಲದಿಂದ ಅರ್ಧ ಇಂಚು ಮೇಲೆ ನಿಲ್ಲಲಿ, ಸಂದನ್ನ ಸೀಲಂಟಿನಿಂದ ಮುಚ್ಚಿ, ಹೊರಗಿಂದ 4 ಇಂಚಿನ ಟೈಲ್ಸ್ ಸ್ಕರ್ಟಿಂಗ್. ಪ್ಲೈವುಡ್ಡಿನಲ್ಲಿ ‘ಕಮರ್ಷಿಯಲ್’ ಅಂತ ಕೊಡೋದು ಒಣ ಜಾಗಕ್ಕಷ್ಟೇ. ಬುಡದ ಸಾಲಿಗಾದರೂ ಬಿಡಬ್ಲ್ಯುಆರ್ ದರ್ಜೆ ಕೇಳಿ. ಬಚ್ಚಲಿಗೆ ತಾಗೋ ಗೋಡೆಯನ್ನ ಮರದಲ್ಲಿ ಮಾಡೋ ಯೋಚನೆಯೇ ಬೇಡ.

ನೆಲಮಹಡಿ ಆದರೆ ಇದಕ್ಕೆ ಗೆದ್ದಲು ಸೇರುತ್ತೆ. ನೆಲ ಮತ್ತು ಗೋಡೆ ಸೇರೋ ಸಂದಿನಿಂದ ಮಣ್ಣಿನ ಗೆರೆ ಕಟ್ಟಿಕೊಂಡು ಬರುತ್ತೆ, ಟೊಳ್ಳು ಗೋಡೆಯ ಒಳಗೆ ಹೊಕ್ಕರೆ ಹೊರಗೆ ಗೊತ್ತೇ ಆಗಲ್ಲ. ಪಟ್ಟಿ ಕೊಯ್ದ ಪ್ರತಿ ತುದಿಗೂ ಔಷಧಿ ಹಚ್ಚಿಸಿ, ನೆಲದ ಸಂದಿಗೂ ಗೆದ್ದಲು ಔಷಧಿ ಹಾಕಿಸಿ. ಮನೆಯಲ್ಲಿ ಆಗಲೇ ಬಾಗಿಲ ಚೌಕಟ್ಟಿಗೆ ಗೆದ್ದಲು ಹಿಡಿದಿದ್ದರೆ ನಾನು ಮರದ ಹೆಸರೇ ಎತ್ತಲ್ಲ, ಜಿಐ ಚಾನಲ್ ಹಾಕಿಸಿ ಅಂತೀನಿ.

ಬೆಂಕಿ ಬಗ್ಗೆ ಎರಡೇ ಮಾತು. ಜಿಪ್ಸಮ್ಮಿನ ತೂಕದಲ್ಲಿ ಐದನೇ ಒಂದು ಭಾಗ ಹರಳಿನೊಳಗೆ ಸೇರಿಕೊಂಡ ನೀರೇ, ಬೆಂಕಿ ತಾಗಿದರೆ ಮೊದಲು ಆ ನೀರು ಆವಿ ಆಗಬೇಕು, ಅಷ್ಟು ಹೊತ್ತು ಸಮಯ ಸಿಗುತ್ತೆ. ಪ್ಲೈವುಡ್ ಹಾಗಲ್ಲ, ಹತ್ತಿಕೊಳ್ಳುತ್ತೆ. ಅಡುಗೆಮನೆ ಒಲೆಯ ಹಿಂದೆ, ದೇವರ ದೀಪದ ಪಕ್ಕ ಪ್ಲೈವುಡ್ ಬೇಡ. ಗೋಡೆಯೊಳಗೆ ಹೋಗೋ ವೈರನ್ನ ಪೈಪಿಲ್ಲದೆ ಬಿಡಬೇಡಿ.

ಶಬ್ದದ ವಿಷಯ ನನ್ನ ಕಸುಬು, ಅದಕ್ಕೆ ಸ್ವಲ್ಪ ಹೆಚ್ಚು ಹೇಳ್ತೀನಿ. ಟೊಳ್ಳು ಗೋಡೆ ತಮಟೆ ಥರ. ಒಂದು ಬದಿ ಅದುರಿದ್ದು ಪಟ್ಟಿ ಮೂಲಕ ಇನ್ನೊಂದು ಬದಿಗೆ ದಾಟುತ್ತೆ. ಒಳಗೆ ರಾಕ್‌ವೂಲ್ ತುಂಬಿದರೆ ಡಬಡಬ ಕಮ್ಮಿ ಆಗುತ್ತೆ, ಒಂದು ಬದಿಗೆ ಎರಡು ಪದರ ಬೋರ್ಡ್ ಹಾಕಿದರೆ ಇನ್ನೂ ಕಮ್ಮಿ. ಆದರೆ ಬಾಗಿಲ ಕೆಳಗಿನ ಅರ್ಧ ಇಂಚು ಸಂದು, ಎದುರುಬದುರು ಕೂರಿಸಿದ ಸ್ವಿಚ್‌ಬೋರ್ಡ್, ಇವು ಎಲ್ಲ ಖರ್ಚನ್ನೂ ನೀರಿಗೆ ಹಾಕ್ತವೆ. ಸ್ವಿಚ್‌ಬೋರ್ಡುಗಳನ್ನ ಬೇರೆ ಬೇರೆ ಪಟ್ಟಿಗಳ ನಡುವೆ ಕೊಡಿಸಿ. ಮೊಟ್ಟೆ ಟ್ರೇ ಅಂಟಿಸೋದರಿಂದ ಕೋಣೆಯೊಳಗಿನ ಗುಂಯ್ ಅನ್ನೋದು ಸ್ವಲ್ಪ ಇಳಿಯಬಹುದು, ಪಕ್ಕದ ಕೋಣೆಯ ಮಾತು ನಿಲ್ಲಲ್ಲ, ಮೇಲಾಗಿ ಚೆನ್ನಾಗಿ ಉರಿಯುತ್ತೆ. ಇಷ್ಟೆಲ್ಲ ಮಾಡಿದರೂ ಇಟ್ಟಿಗೆ ಗೋಡೆಯ ನಿಶ್ಶಬ್ದ ಸುಲಭಕ್ಕೆ ಸಿಗಲ್ಲ. ಓದೋಕೆ ಸಾಕು, ಮನೆಯಲ್ಲಿ ಗುಟ್ಟು ಮಾತಾಡೋಕೆ ಸಾಲದು.

ಎರಡನೇ ಬದಿ ಮುಚ್ಚೋಕೆ ಮುಂಚೆ ಒಂದು ಕೆಲಸ ಇದೆ. ಪುಸ್ತಕದ ಶೆಲ್ಫ್, ಟಿವಿ, ಕ್ಯಾಲೆಂಡರ್ ಮೊಳೆ ಎಲ್ಲೆಲ್ಲಿ ಬರುತ್ತೆ ಅಂತ ಯೋಚಿಸಿ ಅಲ್ಲೆಲ್ಲ ಹೆಚ್ಚುವರಿ ಅಡ್ಡಪಟ್ಟಿ ಕೊಡಿಸಿ. ಆಮೇಲೆ ಟೇಪನ್ನ ನೆಲಕ್ಕೆ ಹಾಸಿ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಕೊಳ್ಳಿ. ಐದು ವರ್ಷ ಆದಮೇಲೆ ಪಟ್ಟಿ ಎಲ್ಲಿದೆ, ವೈರ್ ಎಲ್ಲಿದೆ ಅಂತ ಗೋಡೆ ತಟ್ಟಿ ತಟ್ಟಿ ಹುಡುಕೋದು ತಪ್ಪುತ್ತೆ. ಬಾಗಿಲ ಎರಡೂ ಮಗ್ಗುಲಿಗೆ ಜೋಡಿ ಪಟ್ಟಿ ಇದೆಯಾ ಅಂತಲೂ ಆಗಲೇ ನೋಡಿ. ಒಂಟಿ ಪಟ್ಟಿ ಇದ್ದರೆ ಬಾಗಿಲು ಬಡಿದಾಗಲೆಲ್ಲ ಗೋಡೆ ಇಡೀ ಅದುರುತ್ತೆ.

ಕುಣಿಗಲ್ಲಿನ ಪ್ರಶ್ನೆ. ಅಪ್ಪನ ಕಾಲದ ಮಣ್ಣಿನ ಗೋಡೆ ಮನೆ, ಅರ್ಧ ಕಲ್ಲು ಚಪ್ಪಡಿ, ಅರ್ಧ ಹೆಂಚು. ಅಣ್ಣ ತಮ್ಮ ಇಬ್ಬರೂ ಅಲ್ಲೇ ಇರ್ತಾರೆ. ನಡುಮನೆಯ ಒಂದು ಹಳೇ ಗೋಡೆ ತೆಗೆದು, ಬೇರೆ ಕಡೆ ಮರದ ಗೋಡೆ ಹಾಕಿ ಎರಡು ಮನೆ ಮಾಡೋಣ ಅಂತ. ದಯವಿಟ್ಟು ಆ ಗೋಡೆ ಮುಟ್ಟಬೇಡಿ ಅಣ್ಣ. ಅಂಥ ಮನೆಯಲ್ಲಿ ಗೋಡೆಯೇ ಕಂಬ, ಚಪ್ಪಡಿಯ ತುದಿ ಕೂತಿರೋದು ಅದರ ಮೇಲೆ. 3×2 ಪಟ್ಟಿ ಚಪ್ಪಡಿ ಹೊರಲ್ಲ. ಇರೋ ಗೋಡೆ ಇದ್ದ ಹಾಗೇ ಇರಲಿ, ಖಾಲಿ ಜಾಗಕ್ಕೆ ಮಾತ್ರ ಮರದ ಗೋಡೆ ಹಾಕಿ. ಮಣ್ಣಿನ ಗೋಡೆಗೆ ಸ್ಕ್ರೂ ನಿಲ್ಲಲ್ಲ, ಹಾಗಾಗಿ ಚೌಕಟ್ಟಿನ ಬಿಗಿ ನೆಲಕ್ಕೆ ಮತ್ತು ಮೇಲಿನ ತೊಲೆಗೆ ಇರಬೇಕು, ಪಕ್ಕದ ಗೋಡೆಗೆ ಸುಮ್ಮನೆ ಆನಿಕೊಂಡಿರಬೇಕು. ಹೆಂಚಿನ ಕಡೆ ಗೋಡೆಯನ್ನ ಸೂರಿನವರೆಗೆ ಒಯ್ಯದೆ ತೊಲೆಯ ಮಟ್ಟಕ್ಕೆ ನಿಲ್ಲಿಸಿ, ಗಾಳಿ ಆಡುತ್ತೆ. ಇನ್ನೊಂದು ಮಾತು ಕಾಮರ್ಸಿನವನಾಗಿ: ಒಳಗೊಂದು ಪಾರ್ಟಿಷನ್ ಬಂದ ಮಾತ್ರಕ್ಕೆ ಆಸ್ತಿ ಪಾಲಾಗಲ್ಲ. ಅದಕ್ಕೆ ನೋಂದಣಿಯಾದ ವಿಭಾಗ ಪತ್ರ ಬೇಕು, ಖಾತೆ ಬೇರೆಯಾಗಬೇಕು. ಮರದ ಗೋಡೆಯನ್ನ ನಾಳೆ ಯಾರು ಬೇಕಾದರೂ ಬಿಚ್ಚಬಹುದು.

ಬಿಚ್ಚಬಹುದು ಅನ್ನೋದೇ ತುಮಕೂರಿನ ಬಾಡಿಗೆ ಮನೆಯವರಿಗೆ ಅನುಕೂಲ. ಇಟ್ಟಿಗೆ ಹಾಕಿದರೆ ಓನರ್‌ಗೆ ಬಿಟ್ಟು ಬರಬೇಕು, ಇಲ್ಲ ಒಡೆಸಿ ಮಣ್ಣು ಹೊರಬೇಕು. ಮರದ್ದಾದರೆ ಪಟ್ಟಿ, ಶೀಟು ಎರಡನ್ನೂ ಆಟೊದಲ್ಲಿ ಹಾಕ್ಕೊಂಡು ಹೋಗಬಹುದು, ಅದಕ್ಕೆ ಎರಡು ಶರತ್ತು. ಮೊಳೆ ಹೊಡೆಯಬಾರದು, ಪೂರ್ತಿ ಸ್ಕ್ರೂ ಕೆಲಸ ಆಗಬೇಕು. ಮತ್ತು ಟೈಲ್ಸಿನಲ್ಲಿ, ಚಾವಣಿಯಲ್ಲಿ ತೂತು ಬೀಳುತ್ತೆ ಅಂತ ಓನರ್‌ಗೆ ಮೊದಲೇ ಹೇಳಿ ಬರಹದಲ್ಲಿ ಒಪ್ಪಿಗೆ ತಗೋಬೇಕು. ವಾಟ್ಸಾಪ್‌ನಲ್ಲಾದರೂ ಸರಿ. ಅಡ್ವಾನ್ಸ್ ವಾಪಸ್ ಕೊಡೋ ದಿನ ಆ ಆರೇಳು ತೂತು ಎಷ್ಟು ದುಬಾರಿ ಆಗ್ತವೆ ಅಂತ ಬಾಡಿಗೆ ಮನೆಯಲ್ಲಿ ಇದ್ದವರಿಗೆ ಗೊತ್ತು.

ಕೊನೇದಾಗಿ ಕೂಲಿ ಲೆಕ್ಕ, ಜಗಳ ಹುಟ್ಟೋದು ಇಲ್ಲೇ. ಚದರಡಿಗೆ ಇಷ್ಟು ಅಂತ ಮಾತಾಡಿದಾಗ ಅದು ಗೋಡೆಯ ಒಂದು ಬದಿಯ ಅಳತೆಯೋ, ಎರಡೂ ಬದಿ ಸೇರಿಯೋ? 100 ಚದರಡಿ ಗೋಡೆ ಎರಡೂ ಬದಿ ಅಳೆದರೆ 200. ಬಿಲ್ಲು ಅಲ್ಲಿಗೇ ಡಬಲ್ ಆಯ್ತು. ಬಾಗಿಲಿನ 3×7, ಅಂದ್ರೆ 21 ಚದರಡಿ, ಕಳೀತಾರೋ ಇಲ್ವೋ? ಬಾಗಿಲು ಕೂರಿಸೋದು ಅದೇ ರೇಟಿನಲ್ಲೋ, ಬೇರೆಯೋ? ಸನ್‌ಮೈಕಾ, ಪೇಂಟು ಯಾರದ್ದು? ಶೀಟಿನ ಲೆಕ್ಕ ಹೀಗೆ: ಬಾಗಿಲು ಕಳೆದರೆ ಒಂದು ಬದಿಗೆ 79, ಎರಡಕ್ಕೆ 158 ಚದರಡಿ, ಶೀಟಿಗೆ 32ರಂತೆ ಕಾಗದದ ಮೇಲೆ 5 ಶೀಟು. ಕೊಯ್ದಾಗ ಹೋಗೋ ತುಂಡು ಸೇರಿ 6 ಹಿಡಿಯಿರಿ. ಯಾರಾದರೂ 9 ಬೇಕು ಅಂದ್ರೆ ಕಟಿಂಗ್ ಹೇಗೆ ಬರುತ್ತೆ ಅಂತ ಒಂದು ಹಾಳೆಯಲ್ಲಿ ಬರೆದು ತೋರಿಸೋಕೆ ಹೇಳಿ. ಒಳ್ಳೇ ಕೆಲಸಗಾರರು ಬೇಜಾರು ಮಾಡ್ಕೊಳ್ಳಲ್ಲ, ಅವರೇ ಪೆನ್ಸಿಲ್ ಕಿವಿಯಿಂದ ತೆಗೀತಾರೆ.

ಗುಬ್ಬಿಯವರೇ, ಫ್ಯಾನ್ ಎಲ್ಲಿದೆ ಅಂತ ಒಂದು ಫೋಟೊ ಕಳಿಸಿ. ಮಿಕ್ಕವರು ಪ್ರಶ್ನೆ ಇದ್ದರೆ ವಾಯ್ಸ್ ನೋಟ್ ಹಾಕಿ, ಊರಿನ ಹೆಸರು ಮಾತ್ರ ಮರೀದೆ ಹೇಳಿ.